ಮಕ್ಕಳಿಗೆ ಸೊಳ್ಳೆಯ ಹೆಸರು ಗೊತ್ತು, ಅದರ ಮರಿ ಗೊತ್ತಿಲ್ಲ: ಉತ್ತರ ಕನ್ನಡದ ಶಿಕ್ಷಣ ಮತ್ತು ಆರೋಗ್ಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳು
ಜಿಲ್ಲಾ ಆರೋಗ್ಯಾಧಿಕಾರಿಗಳು, ಉತ್ತರ ಕನ್ನಡ

ಮಾನ್ಯರೇ, ನಮಸ್ಕಾರ.

ಮಳೆಗಾಲ ಮುಗಿಯುವವರೆಗೆ ನಮ್ಮ ಜಿಲ್ಲೆಯ ಪ್ರತಿ ಶಾಲೆಯಲ್ಲೂ ವಾರಕ್ಕೆ ಒಂದು ಅವಧಿಯನ್ನು ಸೊಳ್ಳೆ ಮರಿ ಹುಡುಕಲಿಕ್ಕೆ ಕೊಡಿ. ಇಷ್ಟನ್ನು ಕೇಳಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಮಕ್ಕಳು ಶಾಲೆಯ ಸುತ್ತ ನಿಂತ ನೀರನ್ನು ಬಗ್ಗಿ ನೋಡಲಿ, ಕಂಡದ್ದನ್ನು ಬರೆದಿಡಲಿ. ಬರೆದದ್ದನ್ನು ದೊಡ್ಡವರು ಓದಿ ಅದೇ ದಿನ ಕೆಲಸ ಮಾಡಲಿ.

ನಾನು ನಿವೃತ್ತ ವಿಜ್ಞಾನ ಶಿಕ್ಷಕಿ. ಕರಾವಳಿಯ ಶಾಲೆಯಲ್ಲೂ ಪಾಠ ಮಾಡಿದ್ದೇನೆ, ಘಟ್ಟದ ಮೇಲೂ ಮಾಡಿದ್ದೇನೆ. ಡೆಂಗಿ ಹೇಗೆ ಬರುತ್ತದೆ ಎಂದು ಹೈಸ್ಕೂಲಿನ ಯಾವ ಮಗುವನ್ನು ಕೇಳಿದರೂ ಉತ್ತರ ಸಿಗುತ್ತದೆ. ಈಡಿಸ್ ಸೊಳ್ಳೆ, ಕಾಲಿನ ಮೇಲೆ ಬಿಳಿ ಪಟ್ಟೆ, ಹಗಲು ಕಚ್ಚುತ್ತದೆ, ತಿಳಿ ನೀರಿನಲ್ಲಿ ಬೆಳೆಯುತ್ತದೆ. ಚಿಕೂನ್‌ಗುನ್ಯಾ ಹರಡುವುದೂ ಇದೇ. ಮಲೇರಿಯಾಕ್ಕೆ ಅನಾಫಿಲಿಸ್, ಆನೆಕಾಲು ರೋಗಕ್ಕೆ ಕ್ಯೂಲೆಕ್ಸ್. ಉತ್ತರ ಪತ್ರಿಕೆಯಲ್ಲಿ ಪೂರ್ತಿ ಅಂಕ. ಅದೇ ಮಗುವನ್ನು ಶಾಲೆಯ ಹಿಂದೆ ಬಿದ್ದಿರುವ ಬಕೆಟ್ ಹತ್ತಿರ ಕರೆದುಕೊಂಡು ಹೋಗಿ, ಇದರೊಳಗೆ ಓಡಾಡುತ್ತಿರುವುದು ಏನು ಎಂದು ಕೇಳಿ. "ಮೀನಿನ ಮರಿ, ಅಕ್ಕೋರೆ" ಅನ್ನುತ್ತದೆ. ಕಪ್ಪೆ ಮರಿ ಅನ್ನುವವರೂ ಇದ್ದಾರೆ. ಕೆಲವರು ಅದನ್ನು ಸಾಕಲಿಕ್ಕೆ ಬಾಟಲಿಗೂ ತುಂಬಿಕೊಳ್ಳುತ್ತಾರೆ. ಮಗು ದಡ್ಡ ಅಂತಲ್ಲ. ಯಾರೂ ಕೈಹಿಡಿದು ತೋರಿಸಿಲ್ಲ.

ನಮ್ಮಲ್ಲಿ ಅರಿವು ಮೂಡಿಸುವ ಕಾರ್ಯಕ್ರಮಗಳಿಗೆ ಕೊರತೆ ಇಲ್ಲ. ಜಾಥಾ ಹೋಗುತ್ತದೆ, ಪ್ರಬಂಧ ಸ್ಪರ್ಧೆ ನಡೆಯುತ್ತದೆ, ಆರೋಗ್ಯ ಕೇಂದ್ರದವರು ಬಂದು ಮಾತಾಡುತ್ತಾರೆ. ಅವರ ಶ್ರಮಕ್ಕೆ ಬೆಲೆ ಇದೆ. ಆದರೆ ಇವೆಲ್ಲ ವರ್ಷಕ್ಕೊಮ್ಮೆ ಬಂದು ಹೋಗುವಂಥವು. ಮೇ 16 ರಾಷ್ಟ್ರೀಯ ಡೆಂಗಿ ದಿನ. ಆ ಹೊತ್ತಿಗೆ ನಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ಅಜ್ಜಿಮನೆಯಲ್ಲಿರುತ್ತಾರೆ. ಜೂನ್ ಮಲೇರಿಯಾ ವಿರೋಧಿ ಮಾಸ, ಜುಲೈ ಡೆಂಗಿ ವಿರೋಧಿ ಮಾಸ. ಆ ಎರಡು ತಿಂಗಳಲ್ಲಿ ನಮ್ಮಲ್ಲಿ ಮಳೆ ಹೊಡೆಯುವ ರಭಸ ನಿಮಗೂ ಗೊತ್ತು. ಜಾಥಾ ಹೊರಡಿಸಬೇಕು ಅಂದರೂ ಆಗುವುದಿಲ್ಲ. ಮಕ್ಕಳು ಪುಸ್ತಕದ ಚೀಲವಿಲ್ಲದೆ ಶಾಲೆಗೆ ಬರುವ ಸಂಭ್ರಮ ಶನಿವಾರ ಒಳ್ಳೆಯ ಯೋಜನೆ, ಆದರೆ ಅದು ತಿಂಗಳಿಗೊಂದು. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲಿಕ್ಕೆ ಈಡಿಸ್‌ಗೆ ಏಳರಿಂದ ಹತ್ತು ದಿನ ಸಾಕು. ಒಂದು ಸಂಭ್ರಮ ಶನಿವಾರಕ್ಕೂ ಮುಂದಿನ ಸಂಭ್ರಮ ಶನಿವಾರಕ್ಕೂ ನಡುವೆ ಮತ್ತೆ ಮತ್ತೆ ಸೊಳ್ಳೆ ಎದ್ದು ಹಾರಿ ಹೋಗಿರುತ್ತದೆ. ವಾರಕ್ಕೊಮ್ಮೆ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಮರಿ ಸೊಳ್ಳೆ ಆಗುವುದೇ ಇಲ್ಲ.

ಈ ಪಾಠಕ್ಕೆ ಬೇಕಾಗುವುದು ಏನು? ಒಂದು ಬಿಳಿ ಬಟ್ಟಲು, ಒಂದು ಸೌಟು, ಒಂದು ಟಾರ್ಚು, ಒಂದು ನೋಟ್‌ಬುಕ್. ಬಟ್ಟಲು, ಸೌಟು ಬಿಸಿಯೂಟದ ಅಡುಗೆಕೋಣೆಯದ್ದು ಬೇಡ, ಬೇರೆಯೇ ಇಟ್ಟುಕೊಳ್ಳಬೇಕು. ನಿಂತ ನೀರಿನ ಹತ್ತಿರ ಮೆಲ್ಲಗೆ ಹೋಗಬೇಕು. ನೆರಳು ಬಿದ್ದರೆ, ನೀರು ಅಲುಗಿದರೆ ಮರಿಗಳು ಸರ್ರನೆ ತಳಕ್ಕೆ ಇಳಿದುಬಿಡುತ್ತವೆ. ಏನೂ ಇಲ್ಲ ಎಂದು ಮಕ್ಕಳು ತಿರುಗಿ ಹೊರಡುತ್ತಾರೆ. ಅಲ್ಲೇ ನಿಲ್ಲಿಸಬೇಕು. ಸ್ವಲ್ಪ ಹೊತ್ತು ಕಾದರೆ ಉಸಿರಾಡಲಿಕ್ಕೆ ಅವು ಮೇಲೆ ಬರಲೇಬೇಕು. ಬಾಲದ ತುದಿಯ ಸಣ್ಣ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ, ತಲೆ ಕೆಳಗೆ ಮಾಡಿ ಓರೆಯಾಗಿ ತೂಗುತ್ತವೆ. ಈಡಿಸ್, ಕ್ಯೂಲೆಕ್ಸ್ ಎರಡೂ ಹೀಗೇ. ಅನಾಫಿಲಿಸ್ ಮರಿಗೆ ಆ ಕೊಳವೆ ಇಲ್ಲ, ಅದು ನೀರಿನ ಮೇಲೆ ಅಡ್ಡಕ್ಕೆ ಮಲಗಿರುತ್ತದೆ. ಇವುಗಳ ನಡುವೆ ಅಲ್ಪವಿರಾಮ ಚಿಹ್ನೆಯ ಹಾಗೆ ಬಾಗಿದ, ದಪ್ಪ ತಲೆಯ ಇನ್ನೊಂದು ಉರುಳಾಡುತ್ತಿದ್ದರೆ ಅದು ಕೋಶ. ಅದು ಏನನ್ನೂ ತಿನ್ನುವುದಿಲ್ಲ. ಇನ್ನು ಒಂದೆರಡು ದಿನದಲ್ಲಿ ಅಲ್ಲಿಂದ ಸೊಳ್ಳೆ ಏಳುತ್ತದೆ ಎಂದು ತಿಳಿಯಬೇಕು.

ಆ ನೀರನ್ನು ಒಂದು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿ, ಶಿಕ್ಷಕರ ಮೇಜಿನ ಮೇಲೆ ಇಡಿ. ಎರಡು ಮೂರು ದಿನದಲ್ಲಿ ಮಕ್ಕಳೇ ಓಡಿ ಬಂದು ಕರೆಯುತ್ತಾರೆ. ಬಾಟಲಿಯ ಒಳಗೆ ಸೊಳ್ಳೆ ಕೂತಿರುತ್ತದೆ, ಅದು ಬಿಟ್ಟುಹೋದ ಸಿಪ್ಪೆ ನೀರಿನ ಮೇಲೆ ತೇಲುತ್ತಿರುತ್ತದೆ. ಸೊಳ್ಳೆ ಗಟಾರದಿಂದ ಮಾತ್ರ ಬರುವುದಲ್ಲ, ನಮ್ಮ ಶಾಲೆಯ ಬಕೆಟ್ಟಿನಿಂದಲೇ ಬರುತ್ತದೆ ಎಂದು ಕಣ್ಣಾರೆ ನೋಡಿದ ಮಗುವಿಗೆ ಮತ್ತೆ ಹೇಳಿಕೊಡಬೇಕಾಗಿಲ್ಲ. ಆ ಸೊಳ್ಳೆಯನ್ನು ಹೊರಗೆ ಬಿಡದೆ ಅಲ್ಲೇ ಸಾಯಿಸಬೇಕು ಎಂಬುದನ್ನೂ ಪಾಠದಲ್ಲೇ ಸೇರಿಸಬೇಕು.

ಇನ್ನೊಂದು ಸಂಗತಿ ದೊಡ್ಡವರಿಗೂ ಅಷ್ಟಾಗಿ ಗೊತ್ತಿಲ್ಲ. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಯ ತೇವದಲ್ಲಿ. ಸಣ್ಣ ಕಪ್ಪು ಚುಕ್ಕೆಗಳು. ನೀರು ಚೆಲ್ಲಿದರೂ ಅವು ಅಂಟಿಕೊಂಡೇ ಇರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಹಾಗಾಗಿ ಡ್ರಮ್ಮು, ಹಂಡೆ, ಸಿಮೆಂಟಿನ ತೊಟ್ಟಿಯನ್ನು ಸುಮ್ನೆ ಬರಿದು ಮಾಡಿದರೆ ಸಾಲದು. ನಾರು ಹಾಕಿ ಒಳಗೋಡೆಯನ್ನು ಗಸಗಸ ತಿಕ್ಕಬೇಕು. ಬೇಸಿಗೆಯಲ್ಲಿ ನೀರಿಗೆ ಪರದಾಡಿ ಡ್ರಮ್ ತುಂಬಿಸಿಟ್ಟ ಮನೆಗಳಲ್ಲಿ ಮೊದಲ ಮಳೆ ಬೀಳುವಾಗಲೇ ಸೊಳ್ಳೆ ಏಳುವುದಕ್ಕೆ ಇದೂ ಒಂದು ಕಾರಣ.

ಶಾಲೆಯಿಂದಲೇ ಯಾಕೆ ಶುರು ಮಾಡಬೇಕು ಎಂದು ನೀವು ಕೇಳಬಹುದು. ಈಡಿಸ್ ಜಾಸ್ತಿ ಕಚ್ಚುವುದು ಬೆಳಿಗ್ಗೆ ಮತ್ತು ಸಂಜೆಯ ಮುಂಚೆ. ಅಂದರೆ ಪ್ರಾರ್ಥನೆಗೆ ಸಾಲಾಗಿ ನಿಂತಾಗ, ಕೊನೆಯ ಅವಧಿಯ ಆಟದ ಹೊತ್ತಿನಲ್ಲಿ. ಮನೆಯಲ್ಲಿ ರಾತ್ರಿ ಕಟ್ಟುವ ಸೊಳ್ಳೆ ಪರದೆ ಆಗ ಉಪಯೋಗಕ್ಕೆ ಬರುವುದಿಲ್ಲ. ಈ ಸೊಳ್ಳೆ ದೂರ ಹಾರುವುದೂ ಇಲ್ಲ. ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ಒಳಗೇ ಅದರ ಬದುಕು. ತರಗತಿಯಲ್ಲಿ ಕೂತ ಮಗುವನ್ನು ಕಚ್ಚಿದ ಸೊಳ್ಳೆ ಹೆಚ್ಚಾಗಿ ಆ ಶಾಲೆಯ ಕಾಂಪೌಂಡಿನ ಒಳಗೆ, ಇಲ್ಲವೇ ಪಕ್ಕದ ಮನೆಯ ಹಿತ್ತಿಲಲ್ಲಿ ಹುಟ್ಟಿದ್ದು.

ಈಗ ಕಾಂಪೌಂಡಿನ ಒಳಗೆ ಒಂದು ಸುತ್ತು ಹಾಕಿ. ಚೆಂದ ಕಾಣಲಿ ಎಂದು ಬಣ್ಣ ಬಳಿದು ಕೈತೋಟದ ಅಂಚಿಗೆ ನಿಲ್ಲಿಸಿದ ಹಳೆ ಟೈರುಗಳು. ಮಕ್ಕಳು ಎಷ್ಟು ಪ್ರೀತಿಯಿಂದ ಬಣ್ಣ ಹಚ್ಚಿರುತ್ತಾರೆ! ಆದರೆ ಟೈರಿನ ಹೊಟ್ಟೆಯಲ್ಲಿ ನಿಂತ ನೀರು ಬಗ್ಗಿಸಿದರೂ ಪೂರ್ತಿ ಹೋಗುವುದಿಲ್ಲ. ಒಂದೋ ಕೆಳಭಾಗಕ್ಕೆ ತೂತು ಹೊಡೆಸಬೇಕು, ಇಲ್ಲವೇ ಮಣ್ಣು ತುಂಬಿಸಿ ಗಿಡ ನೆಡಬೇಕು. ವಾಲಿಬಾಲ್ ಕಂಬ, ಜೋಕಾಲಿಯ ಕಂಬ, ಗೇಟಿನ ಪಕ್ಕದ ಕಬ್ಬಿಣದ ಪೈಪು, ಇವುಗಳ ಬಾಯಿ ಮೇಲೆ ತೆರೆದಿದ್ದರೆ ಒಳಗೆ ನೀರು ತುಂಬಿರುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಟ್ಟು ಬೀಗ ಹಾಕಿದ ಶೌಚಾಲಯದ ಒಳಗಿನ ತೊಟ್ಟಿ. ಮುಚ್ಚಳ ಹಾರಿಹೋದ ಸಿಂಟೆಕ್ಸ್. ತಾರಸಿಯ ಮೇಲೆ ಎಲೆ ಕಟ್ಟಿಕೊಂಡು ನೀರು ಇಳಿಯದ ತೂತು. ಅಡುಗೆಕೋಣೆಯ ಹಿಂದೆ ಅಂಗಾತ ಬಿದ್ದ ಹಳೆ ಪಾತ್ರೆ.

ಮಳೆ ರಜೆಯ ವಿಷಯವನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು. ಜುಲೈನಲ್ಲಿ ಜಿಲ್ಲಾಧಿಕಾರಿಗಳು ಮೇಲಿಂದ ಮೇಲೆ ರಜೆ ಕೊಡುತ್ತಾರೆ. ಕೊಡಲೇಬೇಕು, ಹಳ್ಳ ದಾಟಿ, ಕಾಲುಸಂಕ ದಾಟಿ ಬರುವ ಮಕ್ಕಳಿದ್ದಾರೆ. ಆದರೆ ಆ ರಜೆಗೆ ಭಾನುವಾರ, ಮತ್ತೊಂದು ಹಬ್ಬ ಸೇರಿದರೆ ಶಾಲೆ ಒಂದು ವಾರ ಮುಚ್ಚಿರುತ್ತದೆ. ಮಕ್ಕಳು ಇಲ್ಲ, ಅಡುಗೆಯವರು ಇಲ್ಲ, ಚೆಲ್ಲುವವರು ಇಲ್ಲ. ದಸರಾ ರಜೆ ಅದಕ್ಕಿಂತ ಉದ್ದ. ರಜೆ ಮುಗಿದು ಬಾಗಿಲು ತೆರೆದ ದಿನ ಮಕ್ಕಳಿಗಾಗಿ ಸೊಳ್ಳೆಗಳು ಕಾದಿರುತ್ತವೆ. ಆದ್ದರಿಂದ ಒಂದು ಆದೇಶ ಬೇಕು: ಮೂರು ದಿನಕ್ಕಿಂತ ಜಾಸ್ತಿ ಮುಚ್ಚಿದ ಶಾಲೆಯನ್ನು ತೆರೆಯುವ ಹಿಂದಿನ ದಿನ ಯಾರಾದರೂ ಒಬ್ಬ ದೊಡ್ಡವರು ಬಂದು ನೀರು ನೋಡಿ ಚೆಲ್ಲಬೇಕು. ಯಾರು ಬರಬೇಕು ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೊದಲೇ ಗೊತ್ತು ಮಾಡಿಕೊಳ್ಳಲಿ. ಆ ಕೆಲಸಕ್ಕೆ ಪಂಚಾಯತಿಯಿಂದ ಕೂಲಿ ಸಿಗುವ ವ್ಯವಸ್ಥೆ ಆಗಲಿ. ಅಡುಗೆಯವರ ತಲೆಗೆ ಇನ್ನೊಂದು ಪುಕ್ಕಟೆ ಕೆಲಸ ಕಟ್ಟುವುದು ಬೇಡ.

ಶಾಲೆಯಲ್ಲಿ ಕಲಿತದ್ದು ಮನೆಗೆ ಹೋಗಬೇಕಾದರೆ ಪಾಠ ಆ ಊರಿನದ್ದೇ ಆಗಬೇಕು. ಬೆಂಗಳೂರಿನ ಹೂಕುಂಡ, ಕೂಲರ್ ಚಿತ್ರ ಇರುವ ಪೋಸ್ಟರ್ ನಮ್ಮ ಮಕ್ಕಳಿಗೆ ತಾಗುವುದಿಲ್ಲ. ಬೈತಖೋಲ, ತದಡಿ, ಕಾಸರಕೋಡು ಕಡೆ ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳು ದಡದಲ್ಲಿ ತಾಡಪಾಲು ಹೊದ್ದು ನಿಂತಿರುತ್ತವೆ. ತಾಡಪಾಲಿನ ಜೋತುಬಿದ್ದ ಮಡಿಕೆಯಲ್ಲಿ ನೀರು, ದೋಣಿಯ ತಳದಲ್ಲಿ ನೀರು, ಪಕ್ಕಕ್ಕೆ ಕಟ್ಟಿದ ಟೈರಿನಲ್ಲಿ ನೀರು, ಮೀನಿನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ನೀರು. ಅಲ್ಲೇ ಪಕ್ಕದಲ್ಲಿ ಮಕ್ಕಳ ಆಟ. ಮೀನುಗಾರರ ಮಗುವಿಗೆ ಈ ನಾಲ್ಕನ್ನೂ ತೋರಿಸಿ ಹೇಳಿದರೆ ಸಂಜೆ ಅಪ್ಪನಿಗೆ ಹೇಳುತ್ತದೆ. ಬೀಚಿನ ಹತ್ತಿರದ ಶಾಲೆಗಳಲ್ಲಿ ಸೀಯಾಳದ ಬುರುಡೆಯನ್ನು ಸೇರಿಸಿ. ಕುಡಿದು ಎಸೆದ ಬುರುಡೆ ಕೊಚ್ಚಿ ನಾಲ್ಕು ಹೋಳು ಮಾಡಿದರೆ ಅದರಲ್ಲಿ ನೀರು ನಿಲ್ಲುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಪಾಠವೇ ಬೇರೆ. ಅಲ್ಲಿ ಅಡಿಕೆ ತೋಟ. ಬಿದ್ದ ಅಡಿಕೆ ಹಾಳೆ ಒಣಗುತ್ತಾ ಮುದುರಿ ದೊನ್ನೆಯ ಆಕಾರಕ್ಕೆ ಬರುತ್ತದೆ, ಒಂದೇ ಮಳೆಗೆ ತುಂಬುತ್ತದೆ. ತೋಟದ ನೆರಳಿನಲ್ಲಿ ಬೆಳೆಯುವುದು ಈಡಿಸ್‌ನ ಇನ್ನೊಂದು ಜಾತಿ, ಈಡಿಸ್ ಆಲ್ಬೋಪಿಕ್ಟಸ್. ಅದೂ ಡೆಂಗಿ, ಚಿಕೂನ್‌ಗುನ್ಯಾ ಹರಡಬಲ್ಲದು. ಹಾಳೆಯನ್ನು ಬೋರಲು ಹಾಕಿದರೂ ಸಾಕು, ಕೊಟ್ಟಿಗೆಗೋ ಗೊಬ್ಬರಕ್ಕೋ ಒಯ್ದರೆ ಇನ್ನೂ ಒಳ್ಳೆಯದು. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿ ಮುಗಿದ ಮೇಲೆ ತೋಟದ ತಲೆಯಲ್ಲೇ ಉಳಿಯುವ ಡ್ರಮ್ಮು, ಅಂಗಳದಲ್ಲಿ ಡೇರೆ ಹೂವಿನ ಗಿಡದ ಕುಂಡದ ಅಡಿಯ ತಟ್ಟೆ, ಹಿತ್ತಿಲಿನ ತೆಂಗಿನ ಗರಟೆ ರಾಶಿ. ಇದನ್ನೆಲ್ಲ ಆ ಮಕ್ಕಳು ದಿನಾ ದಾಟಿಕೊಂಡೇ ಬರುತ್ತಾರೆ.

ಇಂಥ ಎಚ್ಚರ ಮಕ್ಕಳಲ್ಲಿ ಬೆಳೆಯುತ್ತದೆಯೇ ಎಂಬ ಅನುಮಾನ ಯಾರಿಗಾದರೂ ಇದ್ದರೆ ಸಿದ್ದಾಪುರದ ಕಡೆ ನೋಡಿ. ಮಂಗನ ಕಾಯಿಲೆ ಹರಡುವುದು ಉಣ್ಣೆ ಹುಳದಿಂದ, ಅದು ಬೇರೆಯದೇ ರೋಗ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಮುಟ್ಟಬಾರದು, ಹತ್ತಿರ ಹೋಗಬಾರದು, ಆರೋಗ್ಯ ಕೇಂದ್ರಕ್ಕೆ ಹೇಳಬೇಕು ಎಂದು ಅಲ್ಲಿನ ಮಕ್ಕಳಿಗೂ ಗೊತ್ತು. ಸತ್ತ ಮಂಗ ಅಂದರೆ ಏನು ಎಂದು ಅವರಿಗೆ ಅರ್ಥವಾಗಿದೆ. ಸೊಳ್ಳೆ ಮರಿ ಅಂದರೆ ಏನು ಎಂದೂ ಅಷ್ಟೇ ಸ್ಪಷ್ಟವಾಗಿ ಅರ್ಥವಾಗಲಿ.

ಪಾಲಕರಿಗೂ ಒಂದು ಮಾತು, ಈ ಪತ್ರ ಅವರೂ ಓದುತ್ತಾರೆ ಎಂಬ ನಂಬಿಕೆಯಿಂದ. ಮಗುವಿಗೆ ಜ್ವರ ಬಂದಾಗ ಒಂದು ಮಾತ್ರೆ ಕೊಟ್ಟು ಶಾಲೆಗೆ ಕಳಿಸಬೇಡಿ. ಡೆಂಗಿ ಜ್ವರದ ಮೊದಲ ದಿನಗಳಲ್ಲಿ ಮಗುವಿನ ರಕ್ತದಲ್ಲಿ ವೈರಸ್ ಇರುತ್ತದೆ. ಆಗ ಕಚ್ಚಿದ ಸೊಳ್ಳೆ ಒಂದು ವಾರ, ಹತ್ತು ದಿನ ಕಳೆದ ಮೇಲೆ ಬೇರೆಯವರಿಗೆ ಹರಡಲು ಶುರು ಮಾಡುತ್ತದೆ, ಬದುಕಿರುವಷ್ಟು ದಿನವೂ ಹರಡುತ್ತದೆ. ಹಾಗಾಗಿ ಜ್ವರದ ಮಗುವಿಗೆ ಹಗಲೂ ಪರದೆ ಕಟ್ಟಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಡಾಕ್ಟರು ಹೇಳಿದಷ್ಟು. ಆಸ್ಪಿರಿನ್, ಐಬುಪ್ರೊಫೆನ್ ಬೇಡವೇ ಬೇಡ, ಅವು ರಕ್ತಸ್ರಾವದ ಅಪಾಯ ಜಾಸ್ತಿ ಮಾಡುತ್ತವೆ. ಗಂಜಿ ತಿಳಿ, ಓಆರ್‌ಎಸ್, ಸೀಯಾಳ ಕೊಡುತ್ತಾ ಇರಿ.

ಇದಕ್ಕಿಂತ ಮುಖ್ಯವಾದದ್ದು ಮುಂದಿನದು. ಡೆಂಗಿಯಲ್ಲಿ ಜ್ವರ ಬಿಟ್ಟಿತು ಎಂದು ನಾವು ನಿಟ್ಟುಸಿರು ಬಿಡುವ ಹೊತ್ತೇ ಅಪಾಯದ ಹೊತ್ತು. ಸಾಮಾನ್ಯವಾಗಿ ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಕೆಲವರಿಗೆ ಆಗಲೇ ರಕ್ತನಾಳದಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವುದು. ಹೊಟ್ಟೆ ಬಿಡದೆ ನೋವು, ಮೇಲಿಂದ ಮೇಲೆ ವಾಂತಿ, ಮೂಗಿನಲ್ಲಿ ಅಥವಾ ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಗು ಮಂಕಾಗಿ ಬಿದ್ದುಕೊಳ್ಳುವುದು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಪಪ್ಪಾಯಿ ಎಲೆಯ ರಸ ಕುಡಿಸಿ ಬೆಳಗಾಗಲಿ ಎಂದು ಕಾಯಬೇಡಿ. ಮಳೆಗಾಲದಲ್ಲಿ ಇಲಿಜ್ವರವೂ ಇದೆ, ಮಲೇರಿಯಾವೂ ಇದೆ. ಯಾವ ಜ್ವರ ಎಂದು ರಕ್ತ ಪರೀಕ್ಷೆಯೇ ಹೇಳಬೇಕು. ಡೆಂಗಿಗೆ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನದೊಳಗೆ ಮಾಡಿಸಿದರೆ ಚೆನ್ನಾಗಿ ತಿಳಿಯುತ್ತದೆ. ಒಮ್ಮೆ ಬಂದು ಹೋಯಿತು, ಇನ್ನು ಬರುವುದಿಲ್ಲ ಎಂದೂ ತಿಳಿಯಬೇಡಿ. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ ಇದೆ, ಎರಡನೇ ಸಲ ಬೇರೆ ಬಗೆಯದು ಬಂದರೆ ಜೋರಾಗುವ ಸಾಧ್ಯತೆ ಜಾಸ್ತಿ.

ಮುಖ್ಯ ಶಿಕ್ಷಕರಿಗೆ ಎರಡು ಸ್ಪಷ್ಟ ಸೂಚನೆ ಹೋಗಲಿ. ಜ್ವರದಿಂದ ಮನೆಯಲ್ಲಿ ಉಳಿದ ಮಗುವಿನ ಹಾಜರಾತಿಯ ಬಗ್ಗೆ ಪಾಲಕರನ್ನು ಹೆದರಿಸಬಾರದು. ಒಂದೇ ತರಗತಿಯಲ್ಲಿ ಎರಡು ಮೂರು ಮಕ್ಕಳಿಗೆ ಒಟ್ಟಿಗೆ ಜ್ವರ ಬಂದರೆ ಅದೇ ದಿನ ಆಶಾ ಕಾರ್ಯಕರ್ತೆಗೆ ಫೋನ್ ಹೋಗಬೇಕು. ಹಾಗೆಯೇ ಮಳೆಗಾಲದಲ್ಲಿ ಸಮವಸ್ತ್ರದ ನಿಯಮ ಸ್ವಲ್ಪ ಸಡಿಲ ಮಾಡಿ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ ಬಂದ ಸಣ್ಣ ಮಗುವನ್ನು ಯಾರೂ ಬಯ್ಯಬಾರದು, ಅಲ್ವಾ?

ಆರೋಗ್ಯ ಇಲಾಖೆಯವರಲ್ಲಿ ನನ್ನ ಕೋರಿಕೆ ಬೇರೆ. ಮಗು ಹುಡುಕಿ ಬರೆಯುತ್ತದೆ. ಬರೆದ ಮೇಲೆ ಏನಾಗುತ್ತದೆ? ಶಾಲೆಯ ಪಕ್ಕದ ಅರ್ಧಕ್ಕೆ ನಿಂತ ಕಟ್ಟಡದ ತೊಟ್ಟಿಯಲ್ಲಿ ಮರಿ ಇದೆ ಎಂದು ಐದನೇ ತರಗತಿಯ ಹುಡುಗಿ ಬರೆದರೆ, ಅದನ್ನು ಚೆಲ್ಲಿಸುವ ಅಧಿಕಾರ ಅವಳಿಗಿಲ್ಲ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕುವ ನಿಯಮವೂ ಬಂತು. ಅಧಿಕಾರ ನಿಮ್ಮ ಕೈಯಲ್ಲಿ, ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಕೈಯಲ್ಲಿ, ನಗರಸಭೆಯ ಕೈಯಲ್ಲಿ ಇದೆ. ಶಾಲೆಯ ನೋಟ್‌ಬುಕ್ಕನ್ನು ಆಶಾ ಅಥವಾ ಆರೋಗ್ಯ ನಿರೀಕ್ಷಕರು ವಾರಕ್ಕೊಮ್ಮೆ ನೋಡಿ ಸಹಿ ಹಾಕಲಿ. ಎದುರಿಗೆ ಏನು ಮಾಡಿದೆವು ಎಂದು ಒಂದು ಸಾಲು ಬರೆಯಲಿ. ಚೆಲ್ಲಲಾಗದ ತೊಟ್ಟಿಗೆ, ಬಾವಿಗೆ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಿಡಲಿ. ನವೆಂಬರಿನ ಮಕ್ಕಳ ಗ್ರಾಮ ಸಭೆಯಲ್ಲಿ ಆ ನೋಟ್‌ಬುಕ್ಕನ್ನು ಮಕ್ಕಳೇ ಓದಲಿ. ಫಾಗಿಂಗ್ ಮಾಡಿ ಕೈ ತೊಳೆದುಕೊಳ್ಳುವುದು ಬೇಡ. ಹೊಗೆಗೆ ಸಾಯುವುದು ಹಾರುವ ಸೊಳ್ಳೆ, ಡ್ರಮ್ಮಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ.

ಒಂದು ಗೆರೆಯನ್ನು ಮಾತ್ರ ದಯವಿಟ್ಟು ಸ್ಪಷ್ಟವಾಗಿ ಎಳೆಯಿರಿ. ಮಕ್ಕಳು ನೋಡಬೇಕು, ಬರೆಯಬೇಕು. ಚರಂಡಿ ಬಳಿಯುವುದು, ತಾರಸಿ ಹತ್ತುವುದು, ಕಸದ ರಾಶಿಗೆ ಕೈ ಹಾಕುವುದು ಮಕ್ಕಳ ಕೆಲಸ ಅಲ್ಲ. ಮಳೆಗಾಲದಲ್ಲಿ ನಮ್ಮ ಹಿತ್ತಿಲಲ್ಲಿ ಹಾವು ಇರುತ್ತದೆ. ಬಾವಿ, ಹೊಂಡ, ಹಳ್ಳದ ಹತ್ತಿರ ಶಿಕ್ಷಕರಿಲ್ಲದೆ ಒಬ್ಬ ಮಗುವೂ ಹೋಗಬಾರದು. ಈ ಯೋಜನೆ ಮಕ್ಕಳಿಂದ ಸ್ವಚ್ಛತೆ ಮಾಡಿಸುವ ನೆಪ ಆಗುವುದಾದರೆ ಶುರು ಮಾಡುವುದೇ ಬೇಡ.

ರೋಗ ಜೋರಾದರೆ ಹುಬ್ಬಳ್ಳಿ, ಮಂಗಳೂರು, ಗೋವಾ ಎಂದು ಆಂಬುಲೆನ್ಸ್ ಹತ್ತಿಸುವ ಜಿಲ್ಲೆ ನಮ್ಮದು. ಘಟ್ಟ ಇಳಿಯುವ ಒಂದೊಂದು ತಿರುವಿನಲ್ಲೂ ತಾಯಂದಿರ ಜೀವ ಹೋಗಿ ಬರುತ್ತದೆ. ಬೇರೆ ಊರಿನವರಿಗಿಂತ ರೋಗ ಬರದ ಹಾಗೆ ನೋಡಿಕೊಳ್ಳುವುದು ನಮಗೆ ಜಾಸ್ತಿ ಅಗತ್ಯ.

ಮೊದಲ ಪಾಠವನ್ನು ಜೂನ್ ತಿಂಗಳ ಮೊದಲ ಶುಕ್ರವಾರ ಇಟ್ಟುಕೊಳ್ಳೋಣ. 2024ರಲ್ಲಿ ಆರೋಗ್ಯ ಇಲಾಖೆ ಲಾರ್ವಾ (ಸೊಳ್ಳೆ ಮರಿ) ನಾಶಕ್ಕೆ ಆರಿಸಿಕೊಂಡ ದಿನವೂ ಶುಕ್ರವಾರವೇ, ಎರಡೂ ಒಟ್ಟಿಗೆ ಹೋಗಲಿ. ಆಗಸ್ಟ್ 20 ವಿಶ್ವ ಸೊಳ್ಳೆ ದಿನ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡ ದಿನ ಅದು. ಆ ದಿನ ಪ್ರತಿ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಮಕ್ಕಳು ತಮ್ಮ ನೋಟ್‌ಬುಕ್ ತಂದು ಒಬ್ಬರಿಗೊಬ್ಬರು ತೋರಿಸಲಿ. ಕುಮಟಾ, ಅಂಕೋಲಾ, ಹೊನ್ನಾವರ ತಾಲೂಕಿನ ಯಾವ ಶಾಲೆ ಕರೆದರೂ ಬಿಳಿ ಬಟ್ಟಲು ಹಿಡಿದುಕೊಂಡು ನಾನೇ ಬರುತ್ತೇನೆ. ಗೌರವಧನ ಬೇಡ, ಬಸ್ಸಿನ ಖರ್ಚು ನನ್ನದೇ. ಘಟ್ಟದ ಮೇಲಿನ ಶಾಲೆಗಳಿಗೆ ನನ್ನ ಹಾಗೆ ನಿವೃತ್ತರಾದ ವಿಜ್ಞಾನ ಶಿಕ್ಷಕರನ್ನು ಜೊತೆ ಮಾಡಿಕೊಡುತ್ತೇನೆ. ನಿಮ್ಮ ಕಡೆಯಿಂದ ಶಾಲೆಗಳಿಗೆ ಒಂದು ಸುತ್ತೋಲೆ ಮೇ ತಿಂಗಳಲ್ಲೇ ಹೊರಡಬೇಕು, ಅಷ್ಟೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಕುಮಟಾ ತಾಲೂಕು